ಥಾಸೋಸಿನ ಮುಷ್ಟಿಮಲ್ಲ

ಒಲಿಂಪಿಯದ ವಿಜೇತರ ಪ್ರತಿಮೆಗಳನ್ನು ಒಂದೊಂದಾಗಿ ವರ್ಣಿಸುತ್ತ ಸಾಗುವ ಗ್ರೀಕ್ ಪ್ರವಾಸಲೇಖಕ ಪೌಸಾನಿಯಾಸನು, ಥಾಸೋಸ್ ದ್ವೀಪದ ಮುಷ್ಟಿಮಲ್ಲ ಥಿಯಾಗೆನೀಸನ ಎದುರಿಗೆ ಬಂದೊಡನೆ ಪಟ್ಟಿಕಾರನ ವೃತ್ತಿಯನ್ನು ತೊರೆದು ಕಥೆಗಾರನಾಗುತ್ತಾನೆ. ಆ ಮಲ್ಲನು ಗೆದ್ದ ಮಾಲೆಗಳು 1,400 ಎಂದು ಅವನ ಲೆಕ್ಕ. 1,200 ಎಂದ ಪ್ಲುಟಾರ್ಕನಾದರೋ ಅವುಗಳಲ್ಲಿ ಬಹುಪಾಲು ಕಸವೆಂದೇ ಬಗೆದನು. ಐತಿಹ್ಯದ ಸತ್ತ್ವವಿರುವುದು ಈ ಎಣಿಕೆಯಲ್ಲಲ್ಲ, ಎರಡು ವಿಗ್ರಹಗಳ ವೃತ್ತಾಂತದಲ್ಲಿ.

ಥಿಯಾಗೆನೀಸನು ಒಂಬತ್ತು ವರ್ಷದ ಬಾಲಕನಾಗಿದ್ದಾಗ ಪಾಠಶಾಲೆಯಿಂದ ಮರಳುತ್ತ, ಪೇಟೆಯ ಚೌಕದಲ್ಲಿದ್ದ ದೇವರ ಕಂಚಿನ ಮೂರ್ತಿಗೆ ಮನಸೋತು ಅದನ್ನು ಕಿತ್ತು ಹೆಗಲಿಗೇರಿಸಿ ಮನೆಗೆ ಒಯ್ದನು. ಕೆರಳಿದ ಪೌರರು ಅವನನ್ನು ಕೊಲ್ಲಹೊರಟಾಗ ವೃದ್ಧನಾದ ಗಣ್ಯನೊಬ್ಬನು ತಡೆದು, ಮೂರ್ತಿಯನ್ನು ಇದ್ದೆಡೆಗೇ ಹೊತ್ತು ತಂದಿಡೆಂದು ಆಜ್ಞಾಪಿಸಿದನು. ಥಿಯಾಗೆನೀಸನು ಸತ್ತ ಬಳಿಕ, ಬದುಕಿದ್ದಾಗ ಹಗೆಯಾಗಿದ್ದವನೊಬ್ಬನು ಇರುಳಿರುಳೂ ಬಂದು ಅವನ ಪ್ರತಿಮೆಗೆ ಚಾವಟಿಯಿಂದ ಹೊಡೆಯುತ್ತಿರಲಾಗಿ, ಅದು ಅವನ ಮೇಲೆ ಬಿದ್ದು ಅವನನ್ನು ಕೊಂದಿತು. ಮೃತನ ಮಕ್ಕಳು ಪ್ರತಿಮೆಯ ಮೇಲೆ ಕೊಲೆಯ ಮೊಕದ್ದಮೆ ಹೂಡಿದರು. ಅಚೇತನ ವಸ್ತುವೂ ಬಿದ್ದು ಮನುಷ್ಯನನ್ನು ಕೊಂದರೆ ಅದನ್ನು ಗಡೀಪಾರು ಮಾಡತಕ್ಕದ್ದೆಂಬ ಡ್ರೇಕೋನನ ಅಥೆನ್ಸಿನ ವಿಧಿಯನ್ನನುಸರಿಸಿ ಥಾಸೋಸಿಗರು ಅದನ್ನು ಸಮುದ್ರಕ್ಕೆಸೆದರು. ಭೂಮಿ ಬಂಜೆಯಾಯಿತು. ಗಡೀಪಾರಾದವರನ್ನು ಹಿಂದಕ್ಕೆ ಕರೆಯಿರೆಂದು ಡೆಲ್ಫಿಯ ದೇವವಾಣಿಯಾಗಲು ಎಲ್ಲರನ್ನೂ ಕರೆದರು, ಬೆಳೆ ಮಾತ್ರ ಬರಲಿಲ್ಲ. ಥಿಯಾಗೆನೀಸನನ್ನು ನೀವು ಮರೆತಿದ್ದೀರೆಂದು ಎರಡನೆಯ ಸಲ ಪೂಜಾರಿಣಿ ನುಡಿದಳು. ಕಡೆಗೆ ಬೆಸ್ತರ ಬಲೆಗೆ ಸಿಕ್ಕ ಪ್ರತಿಮೆ ತನ್ನ ಹಿಂದಿನ ಸ್ಥಾನವನ್ನು ಸೇರಿತು.

ಈ ಘಟನಾಸಂಯೋಜನೆಯ ಸೊಗಸನ್ನು ಗಮನಿಸಬೇಕು. ಲೋಹವನ್ನು ನ್ಯಾಯಾಸನದೆದುರು ನಿಲ್ಲಿಸಿದ ಕ್ಷಣದಲ್ಲಿಯೇ ಥಾಸೋಸ್ ಅದಕ್ಕೆ ಪೌರತ್ವವನ್ನು ಕೊಟ್ಟಿತ್ತು. ಆದರೂ ಮನುಷ್ಯರನ್ನು ಮಾತ್ರ ಕರೆದು ತಂದ ಆ ಪೌರರಿಗೆ, ತಮ್ಮದೇ ತೀರ್ಪಿನ ಪ್ರಕಾರ ಕಡಲ ತಳದಲ್ಲಿಯೂ ಒಬ್ಬ ಗಡೀಪಾರಾದವನಿದ್ದಾನೆಂಬುದು ಹೊಳೆಯಲಿಲ್ಲ. ಇದು ಬರಿಯ ಕಲ್ಪನಾವಿಲಾಸವಾಗಿ ಉಳಿದುದೂ ಅಲ್ಲ: ಥಿಯಾಗೆನೀಸನಿಗೆ ಬಲಿಯರ್ಪಿಸುವವರು ಒಂದು ಒಬೊಲ್‌ಗೆ ಕಡಮೆಯಿಲ್ಲದ ಕಾಣಿಕೆ ಹಾಕತಕ್ಕದ್ದೆಂಬ ಶಾಸನವುಳ್ಳ ಅಮೃತಶಿಲೆಯ ಪೆಟ್ಟಿಗೆಯನ್ನು ಫ್ರೆಂಚ್ ಪುರಾತತ್ತ್ವಜ್ಞರು ಥಾಸೋಸಿನ ಚೌಕದಲ್ಲಿಯೇ ಕಂಡಿದ್ದಾರೆ.

ಪೌಸಾನಿಯಾಸನ ಮೇಲೆ ನನ್ನ ಆಕ್ಷೇಪ ಒಂದೇ. ಒಲಿಂಪಿಯದಲ್ಲಿ ನಡೆದ ಕ್ರಿ.ಪೂ. 480ರ ಪ್ರಸಂಗವನ್ನು ಅವನು ಈ ಕಥೆಯಿಂದ ಬೇರ್ಪಡಿಸಿ, ಇನ್ನೊಬ್ಬ ಮುಷ್ಟಿಮಲ್ಲ ಯುಥಿಮೋಸನ ವೃತ್ತಾಂತದಲ್ಲಿ, ಐದು ಅಧ್ಯಾಯಗಳ ಹಿಂದೆಯೇ ಮುಗಿಸಿಬಿಟ್ಟಿದ್ದಾನೆ. ಮುಷ್ಟಿಯುದ್ಧದಲ್ಲಿ ಯುಥಿಮೋಸನನ್ನು ಸೋಲಿಸಿದ ಥಿಯಾಗೆನೀಸನು, ಆ ದಣಿವಿನಿಂದ ಪ್ಯಾಂಕ್ರೇಷಿಯಂ ಕುಸ್ತಿಗೆ ಇಳಿಯಲಾರದೆ ಹೋದನು. ಹಗೆ ತೀರಿಸುವುದಕ್ಕಾಗಿಯೇ ಮುಷ್ಟಿಯುದ್ಧದ ಕಣಕ್ಕಿಳಿದನೆಂದು ನಿರ್ಣಾಯಕರು ದೇವರಿಗೊಂದು, ಯುಥಿಮೋಸನಿಗೊಂದು ಟ್ಯಾಲೆಂಟ್ ದಂಡ ವಿಧಿಸಿದರು. ಈ ನ್ಯಾಯವಾದ ತೀರ್ಪನ್ನು ಪ್ರತಿಮೆಯ ಮೇಲಿನ ಆ ಅನ್ಯಾಯದ ತೀರ್ಪಿನ ಪಕ್ಕದಲ್ಲಿಟ್ಟು ಓದುವ ಅವಕಾಶ ನಮಗಿಲ್ಲವಾಯಿತು. ಮುಂದಿನ ಕ್ರೀಡೋತ್ಸವದಲ್ಲಿ ದೇವರ ದಂಡವನ್ನು ತೆತ್ತು, ಯುಥಿಮೋಸನಿಗೆ ಪ್ರತಿಯಾಗಿ ಮುಷ್ಟಿಯುದ್ಧದಿಂದಲೇ ಹಿಂದೆ ಸರಿದ ಥಿಯಾಗೆನೀಸನ ಔದಾರ್ಯವೂ ಅದರೊಡನೆಯೇ ಬೇರೆಯವನ ಕಥೆಗೆ ಸೇರಿಹೋಯಿತು.