ರೆಫರ್ ಆದವರನ್ನು ಬಿಟ್ಟ ಲೆಕ್ಕ

108 ಆಂಬುಲೆನ್ಸ್ ಸೇವೆಯ ಬಗ್ಗೆ ಬರೆಯುವವರಿಗೆಲ್ಲ ಸಂಶೋಧಕ ಸ್ಟ್ರೆಲೋ ತಂಡದ 2016ರ ಪ್ರಬಂಧ ಶಾಸನವಿದ್ದಂತೆ. ‘ಬಿಎಂಜೆ ಓಪನ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅದು ಭಾರತದ ಐದು ರಾಜ್ಯಗಳಲ್ಲಿ ಉಚಿತ ಆಂಬುಲೆನ್ಸ್ ಕರೆದ, ಕೊನೆಯ ಮೂರು ತಿಂಗಳ 1684 ಬಸುರಿಯರ ಬೆನ್ನು ಹಿಡಿಯಿತು. 42ನೇ ದಿನವೂ ನೂರಕ್ಕೆ 94 ಮಂದಿಯ ಸುದ್ದಿ ಅದಕ್ಕೆ ಸಿಕ್ಕಿತ್ತು. ಈ ಶ್ರಮಕ್ಕೆ ಹೊಗಳಿಕೆ ಸಲ್ಲಲಿ. ಹೊಗಳುವವರು ಓದದೆ ದಾಟಿದ ಸಾಲೊಂದು ಅದರ ವಿಧಾನದಲ್ಲಿದೆ: ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸಿದವರನ್ನು ಕೈಬಿಡಲಾಗಿದೆ.

ಮಂಡ್ಯ ಜಿಲ್ಲೆಯವರಿಗೆ ಇದು ಸಣ್ಣ ಸಾಲಲ್ಲ. ಶ್ರೀರಂಗಪಟ್ಟಣ, ಪಾಂಡವಪುರಕ್ಕೆ ಮೈಸೂರು ಹತ್ತಿರ. ನಾಗಮಂಗಲದವರಿಗೆ ಬೆಳ್ಳೂರಿನಲ್ಲೇ ವೈದ್ಯಕೀಯ ಕಾಲೇಜಿದೆ, ಖಾಸಗಿಯದು. ಕೆ.ಆರ್.ಪೇಟೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಗಂಟೆ ಮೀರಿದ ದಾರಿ. ಆಟೋದಲ್ಲಿ ತಾಲೂಕು ಆಸ್ಪತ್ರೆ ಸೇರಿ, ಅಲ್ಲಿ ‘ಮೈಸೂರಿಗೆ ಬರೆದುಕೊಟ್ಟ’ ಮೇಲಷ್ಟೇ 108 ಹತ್ತುವ ಹೆಂಗಸು ಈ ಅಧ್ಯಯನದಲ್ಲಿ ಇಲ್ಲವೇ ಇಲ್ಲ. ತಾಲೂಕಿನ ಕೈಮೀರಿದ ಹೆರಿಗೆ ಅವಳದು. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವಳು ಅವಳೇ. ಮನೆಯಿಂದ ಬಂದ ಕರೆಯನ್ನಷ್ಟೇ ಅಳೆಯುವುದು ಸಂಶೋಧಕರ ಹಕ್ಕು, ಒಪ್ಪೋಣ. ಹಾಗೆ ಅಳೆದು ಸಿಕ್ಕ ನಾಲ್ಕು ತಾಯಂದಿರ ಸಾವನ್ನು ಇಡೀ ಸೇವೆಯ ಲೆಕ್ಕವೆಂದು ಓದುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ನಮ್ಮ ನಿಮಿಷವಾದಿಗಳ ಓದು ಇನ್ನೂ ಬಡಕಲು. ಪ್ರಬಂಧದ ಪ್ರಕಾರ ಕರೆಯಿಂದ ಆಸ್ಪತ್ರೆ ಮುಟ್ಟುವವರೆಗೆ ಹಳ್ಳಿಯವರಿಗೆ 66 ನಿಮಿಷ, ನಗರದವರಿಗೆ 56. ಆ ಹತ್ತು ನಿಮಿಷ ಹಿಡಿದುಕೊಂಡು, ಮೊದಲ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುತ್ತದೆಂಬ ‘ಗೋಲ್ಡನ್ ಅವರ್’ ಮಂತ್ರ ಜಪಿಸುತ್ತ ಇನ್ನಷ್ಟು ವಾಹನ ಬೇಡುತ್ತಾರೆ. ಅಪಘಾತದ ಗಾಯಾಳುಗಳ ವಿಷಯದಲ್ಲೇ ಆ ಮಾತಿಗೆ ಗಟ್ಟಿ ಪುರಾವೆ ಇಲ್ಲವೆಂದು ಸಂಶೋಧಕರಾದ ಲರ್ನರ್ ಮತ್ತು ಮೊಸ್ಕಾಟಿ 2001ರಲ್ಲೇ ತೋರಿಸಿದ್ದರು. ಅದೂ ಹೋಗಲಿ, ಇದೇ ಪ್ರಬಂಧದ ಬೇರೆ ಅಂಕಿಗಳು ಇವರ ಕಣ್ಣಿಗೆ ಬೀಳಲಿಲ್ಲವೇ? ದಾಖಲಾದ 1411 ಹೆರಿಗೆಗಳಲ್ಲಿ 126 ನಡೆದದ್ದು ಆಸ್ಪತ್ರೆಯಿಂದ ವಾಪಸ್ ಕಳಿಸಿದ ಮೇಲೆ, ಮನೆಯಲ್ಲಿ. ಅವರಿಗೆಲ್ಲ ಆಂಬುಲೆನ್ಸ್ ಬಂದಿತ್ತು, ಆಸ್ಪತ್ರೆ ಮುಟ್ಟಿಸಿತ್ತು, ಆಸ್ಪತ್ರೆ ಇಟ್ಟುಕೊಳ್ಳಲಿಲ್ಲ. ಆಂಬುಲೆನ್ಸ್ ಸಿಬ್ಬಂದಿಯೇ ಹೆರಿಗೆ ಮಾಡಿಸಿದ 44 ಮಂದಿಯಲ್ಲಿ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಒಬ್ಬಳಿಗೂ ಸಿಗಲಿಲ್ಲ. ವಾಹನ ಎಷ್ಟೇ ಬೇಗ ಓಡಿದರೂ ಅದರಲ್ಲಿ ಕೊಡದ ಚುಚ್ಚುಮದ್ದು ತಾಯಿಯ ತೋಳಿಗೆ ಇಳಿಯುವುದಿಲ್ಲ.

ಬೆನ್ನು ಹಿಡಿಯುವುದು ಹೇಗೆಂದು ಕಲಿಸಿದ ಈ ಪ್ರಬಂಧ, ಯಾರ ಬೆನ್ನು ಹಿಡಿಯಬೇಕು ಎಂಬಲ್ಲಿ ಸೋತಿದೆ. ಮಂಡ್ಯದ ಈ ನಾಲ್ಕು ತಾಲೂಕುಗಳಲ್ಲಿ ಮುಂದೆ ಅಧ್ಯಯನ ಮಾಡುವವರು ರೆಫರಲ್ ಚೀಟಿಯಿಂದ ಶುರುಮಾಡಲಿ. ಅದನ್ನು ಬರೆದದ್ದು ಅರಿವಳಿಕೆ ವೈದ್ಯರಿಲ್ಲವೆಂದೋ, ರಕ್ತವಿಲ್ಲವೆಂದೋ, ಹೊಣೆ ಕಳಚಿಕೊಳ್ಳಲೋ ಎಂದು ಕೇಳಲಿ. ಹಣ ಎಲ್ಲಿಗೆ ಹೋಗಬೇಕೆಂಬುದು ಆ ಉತ್ತರದಿಂದ ತಿಳಿಯುತ್ತದೆ, ನಿಮಿಷಗಳ ಲೆಕ್ಕದಿಂದಲ್ಲ.