ಎರಡು ಫೋಟೋಗಳ ನಡುವೆ

ಇನ್‌ಸ್ಟಾಗ್ರಾಂನಲ್ಲಿ ಒಂದೇ ಒಂದು ಸಲ 'ಹೊಟ್ಟೆ ಕರಗಿಸೋದು ಹೇಗೆ' ಅಂತ ಹುಡುಕಿ ನೋಡಿ. ಮೊದಲ ದಿನ ಜೀರಿಗೆ ನೀರು ಬರುತ್ತೆ, ಎರಡನೇ ದಿನ ಪ್ಲ್ಯಾಂಕ್ ಮಾಡೋ ಹುಡುಗ ಬರ್ತಾನೆ, ಮೂರನೇ ದಿನಕ್ಕೆ ಆ ಜೋಡಿ ಫೋಟೋ ಬಂದೇ ಬರುತ್ತೆ. ಎಡಗಡೆ 'ಬಿಫೋರ್', ಬಲಗಡೆ 'ಆಫ್ಟರ್'. ಎಡಗಡೆ ಜೋತುಬಿದ್ದ ಹೊಟ್ಟೆ, ಬಲಗಡೆ ಹಪ್ಪಳದಂಥ ಹೊಟ್ಟೆ. ಕೆಳಗೆ ವಾಟ್ಸಾಪ್ ನಂಬರು, ಪಕ್ಕದಲ್ಲಿ 'ಇಎಂಐ ಲಭ್ಯ'.

ಸಿನಿಮಾಗೆ ವಿಮರ್ಶೆ ಬರೀತೀವಿ, ಪುಸ್ತಕಕ್ಕೆ ಬರೀತೀವಿ, ಹೊಸ ದರ್ಶಿನಿಯ ಬೆಣ್ಣೆ ದೋಸೆಗೂ ಬರೀತೀವಿ. ದಿನಾ ಕಣ್ಣಿಗೆ ಬೀಳುವ, ಲಕ್ಷಗಟ್ಟಲೆ ದುಡ್ಡು ಕೇಳುವ ಈ ಚಿತ್ರಕ್ಕೂ ಒಂದು ವಿಮರ್ಶೆ ಇರಲಿ.

ಮೊದಲು ಕಣ್ಣಿಗೆ ಕಾಣುವ ಕೈಚಳಕ. 'ಬಿಫೋರ್' ಚಿತ್ರದಲ್ಲಿ ಬೆಳಕು ಬಹುತೇಕ ಮೇಲಿಂದ ಬೀಳುತ್ತೆ, ಪ್ರತಿ ಮಡಿಕೆಗೂ ಒಂದು ನೆರಳು. ಬೆನ್ನು ಬಾಗಿರುತ್ತೆ, ಎಲಾಸ್ಟಿಕ್ ಬಿಗಿಯಾಗಿ ಒತ್ತಿರುತ್ತೆ. 'ಆಫ್ಟರ್'ನಲ್ಲಿ ಬೆಳಕು ಎದುರಿಂದ, ಬೆನ್ನು ನೇರ, ಉಸಿರು ಒಳಗೆ. ಇನ್ನೊಂದು ಮುಖ್ಯ ವಿಷಯ, 'ಆಫ್ಟರ್'ನ ಒಳ ಉಡುಪಿನ ಅಂಚು ಎಲ್ಲಿದೆ ಅಂತ ನೋಡಿ. ಎಷ್ಟೋ ಸಲ ಅದು ಗಾಯದ ಗೆರೆಯ ಮೇಲೆಯೇ ಕೂತಿರುತ್ತೆ.

ಆದರೆ ಇವೆಲ್ಲ ಸಣ್ಣ ತಕರಾರು. ಮದುವೆ ಬ್ರೋಕರ್‌ಗೆ ಕಳಿಸೋ ಫೋಟೋದಲ್ಲಿ ನಾವೂ ಇಷ್ಟು ಮಾಡ್ತೀವಿ. ದೊಡ್ಡ ತಕರಾರು ಎರಡು ಚಿತ್ರಗಳ ನಡುವೆ ಇರೋ ತೆಳು ಬಿಳಿ ಗೆರೆಯ ಬಗ್ಗೆ. ಈ ಸರ್ಜರಿ ಬಗ್ಗೆ ತಿಳಿದಿರಬೇಕಾದ್ದೆಲ್ಲ ಆ ಗೆರೆಯೊಳಗಿದೆ, ಜಾಹೀರಾತು ಅದನ್ನೇ ಕತ್ತರಿಸಿ ಬಿಸಾಕಿದೆ.

ಅಲ್ಲಿ ಏನಿದೆ ಅಂದರೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯ ಆಪರೇಷನ್, ಹೆಚ್ಚಿನ ಕಡೆ ಪೂರ್ತಿ ಅರಿವಳಿಕೆ ಕೊಟ್ಟು. ಕಿಬ್ಬೊಟ್ಟೆಯಲ್ಲಿ ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೊಯ್ತಾರೆ. ಚರ್ಮ ಮತ್ತು ಕೊಬ್ಬನ್ನು ಸ್ನಾಯುವಿನ ಮೇಲಿಂದ ಬಿಡಿಸಿ ಪಕ್ಕೆಲುಬಿನ ತನಕ ಎತ್ತುತ್ತಾರೆ. ಅಗಲವಾಗಿರೋ ಸ್ನಾಯುಗಳನ್ನು ನಡುವೆ ಹತ್ತಿರ ತಂದು ಹೊಲೀತಾರೆ. ಮೇಲಿನ ಚರ್ಮವನ್ನು ಕೆಳಗೆ ಜಗ್ಗಿ, ಹೆಚ್ಚಾದ್ದನ್ನು ಕತ್ತರಿಸಿ ತೆಗೀತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತೆ, ಚರ್ಮ ಮಾತ್ರ ಕೆಳಗೆ ಸರಿದಿರುತ್ತೆ. ಅದಕ್ಕೆ ಹೊಸದಾಗಿ ಒಂದು ತೂತು ಮಾಡಿ ಹೊಕ್ಕುಳನ್ನು ಅದರೊಳಗಿಂದ ಹೊರತಂದು ಹೊಲೀಬೇಕು. ಒಳಗೆ ಸೇರೋ ನೀರು ಹೊರಗೆ ಹೋಗಲಿ ಅಂತ ಸುಮಾರು ಜನಕ್ಕೆ ಪಕ್ಕದಲ್ಲಿ ಟ್ಯೂಬ್ ಇಟ್ಟು ಮನೆಗೆ ಕಳಿಸ್ತಾರೆ.

ಆಮೇಲಿನ ಒಂದೆರಡು ವಾರ ಬೆನ್ನು ಬಗ್ಗಿಸಿಯೇ ನಡೆಯಬೇಕು, ನೇರ ನಿಂತರೆ ಹೊಲಿಗೆ ಜಗ್ಗುತ್ತೆ. ಲ್ಯಾಪ್‌ಟಾಪ್ ಕೆಲಸಕ್ಕೆ ಮರಳೋಕೆ ಎರಡು ಮೂರು ವಾರ. ಭಾರ ಎತ್ತೋಕೆ ಕನಿಷ್ಠ ಆರು ವಾರ. ಆ 'ಭಾರ'ದಲ್ಲಿ ನಿಮ್ಮ ಎರಡು ವರ್ಷದ ಮಗುವೂ ಸೇರಿದೆ. ಅಷ್ಟು ದಿನ ಹೊಟ್ಟೆ ಸುತ್ತ ಬಿಗಿ ಪಟ್ಟಿ. ಹೊಕ್ಕುಳಿನ ಕೆಳಗೆ ಮರಗಟ್ಟಿದ ಹಾಗೆ ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ಪೂರ್ತಿ ಹೋಗೋದೇ ಇಲ್ಲ. ಗಾಯದ ಗೆರೆ ಮಾಸೋಕೆ ವರ್ಷ ಬೇಕು, ಅಳಿಸಿ ಹೋಗೋದಿಲ್ಲ.

ಇಷ್ಟಕ್ಕೆಲ್ಲ ಇಟ್ಟಿರೋ ಹೆಸರು 'ಟಮ್ಮಿ ಟಕ್'. ನಮ್ಮಲ್ಲಿ ಟಕ್ ಅಂದರೆ ಇಂಟರ್‌ವ್ಯೂಗೆ ಹೋಗೋ ಮುಂಚೆ ಶರ್ಟನ್ನು ಪ್ಯಾಂಟಿನೊಳಗೆ ಸೇರಿಸೋದು. ಅರ್ಧ ನಿಮಿಷದ ಕೆಲಸ, ಸಂಜೆ ಬಿಚ್ಚಬಹುದು. ಡಾಕ್ಟರು ಬರೆಯೋ ಹೆಸರು ಅಬ್ಡೊಮಿನೋಪ್ಲಾಸ್ಟಿ. ಅದನ್ನು ಕೇಳಿದರೆ ಯಾರಾದರೂ ಒಂದು ಕ್ಷಣ ಕೂತು ಯೋಚಿಸ್ತಾರೆ. 'ಮಮ್ಮಿ ಮೇಕೋವರ್' ಅಂತ ಇನ್ನೊಂದಿದೆ. ಹೊಟ್ಟೆ, ಸ್ತನ, ಜೊತೆಗೆ ಲೈಪೋಸಕ್ಷನ್, ಎಲ್ಲ ಒಂದೇ ಪ್ಯಾಕೇಜ್, ಬ್ಯೂಟಿ ಪಾರ್ಲರಿನ ಬ್ರೈಡಲ್ ಪ್ಯಾಕೇಜ್ ಥರ. ಒಂದೇ ಸಲಕ್ಕೆ ಹೆಚ್ಚು ಸರ್ಜರಿ ಅಂದರೆ ಹೆಚ್ಚು ಹೊತ್ತು ಅರಿವಳಿಕೆ, ಹೆಚ್ಚು ಅಪಾಯ ಅಂತ ಪ್ಯಾಕೇಜ್ ಹೇಳೋದಿಲ್ಲ.

ಈ ಚಿತ್ರಗಳ ಇನ್ನೊಂದು ಮೋಸ, ಎಲ್ಲ ಹೊಟ್ಟೆಯನ್ನೂ ಒಂದೇ ಹೊಟ್ಟೆ ಮಾಡೋದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಹೊಟ್ಟೆ ಬಂದಿದೆ' ಅನ್ನೋಕೆ ಒಂದೇ ಮಾತು. ಆದರೆ ಮುಂದೆ ಬಂದಿರೋದು ನಾಲ್ಕರಲ್ಲಿ ಯಾವುದಾದರೂ ಆಗಿರಬಹುದು. ಒಂದು, ಚರ್ಮದ ಕೆಳಗಿನ ಕೊಬ್ಬು, ಬೆರಳಲ್ಲಿ ಹಿಡಿದರೆ ಸಿಗೋದು. ಎರಡು, ಸಡಿಲವಾದ ಚರ್ಮ. ಮೂರು, ಹೆರಿಗೆಯ ನಂತರ ನಡುವೆ ಬಿರುಕು ಬಿಟ್ಟ ಸ್ನಾಯು. ನಾಲ್ಕು, ಕರುಳು, ಯಕೃತ್ತಿನ ಸುತ್ತ ಒಳಗೇ ಕೂತ ಕೊಬ್ಬು. ಲೈಪೋಸಕ್ಷನ್ ಮೊದಲನೆಯದಕ್ಕೆ. ಟಮ್ಮಿ ಟಕ್ ಮುಖ್ಯವಾಗಿ ಎರಡು ಮತ್ತು ಮೂರಕ್ಕೆ. ನಾಲ್ಕನೆಯದಕ್ಕೆ ಇವೆರಡರಲ್ಲಿ ಯಾವುದೂ ಅಲ್ಲ.

ನಮ್ಮ ಆಫೀಸುಗಳಲ್ಲಿ ಕಾಣೋ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಬಿಗಿಯಾದ ಮಡಕೆ ಥರ ಇರೋ ಮಾಡೆಲ್ ಬಹಳ ಮಟ್ಟಿಗೆ ಈ ನಾಲ್ಕನೆಯದು. ದಕ್ಷಿಣ ಏಷ್ಯಾದವರಲ್ಲಿ ತೂಕ ಅಷ್ಟೇನೂ ಇಲ್ಲದಿದ್ದರೂ ಒಳಗಿನ ಕೊಬ್ಬು ಸೇರೋದು ಜಾಸ್ತಿ. ಅದಕ್ಕೇ ನಮಗೆ ಸೊಂಟದ ಅಳತೆಯ ಮಿತಿಯನ್ನು ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅಂತ ಇಟ್ಟಿದ್ದಾರೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಹತ್ತಿರದ ನೆಂಟ ಇದೇ ಕೊಬ್ಬು.

2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಬೊಜ್ಜಿದ್ದ 15 ಮಹಿಳೆಯರಿಂದ ಲೈಪೋಸಕ್ಷನ್ ಮೂಲಕ ಸುಮಾರು 10 ಕೆ.ಜಿ. ಕೊಬ್ಬು ತೆಗೆದರು. ಎರಡೂವರೆ ಮೂರು ತಿಂಗಳ ನಂತರ ನೋಡಿದರೆ ರಕ್ತದೊತ್ತಡ, ಕೊಲೆಸ್ಟರಾಲ್, ಇನ್ಸುಲಿನ್ ಕೆಲಸ ಮಾಡೋ ರೀತಿ ಯಾವುದರಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಇಲ್ಲ. ಡಯಟ್, ವ್ಯಾಯಾಮದಿಂದ ಅದರ ಅರ್ಧ ಇಳಿಸಿದರೂ ಈ ಲೆಕ್ಕಗಳು ಸುಧಾರಿಸುತ್ತವೆ. ಪುಟ್ಟ ಅಧ್ಯಯನ ಹೌದು, ಆದರೆ 'ಆರೋಗ್ಯಕ್ಕಾಗಿ ಲೈಪೋ' ಅನ್ನೋ ಪೋಸ್ಟರ್ ಕಂಡಾಗ ನೆನಪಾಗಬೇಕಾದ್ದು.

ಇನ್ನು ಅಪಾಯ. ನೀರು ತುಂಬೋದು, ಸೋಂಕು, ಹೊಲಿಗೆಯ ಅಂಚಿನ ಚರ್ಮ ಸಾಯೋದು, ಇವು ಆಗೋ ತೊಂದರೆಗಳೇ. ಸಿಗರೇಟು ಸೇದೋರಿಗೆ ಗಾಯ ಮಾಯೋದು ಇನ್ನೂ ಕಷ್ಟ, ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಬೇಕು. ಅಪರೂಪದ್ದು, ಆದರೆ ಜೀವಕ್ಕೇ ಬರೋದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗೋದು. ಗರ್ಭನಿರೋಧಕ ಮಾತ್ರೆ ತಗೋತಿದ್ದರೆ ಆ ಅಪಾಯ ಹೆಚ್ಚು, ಡಾಕ್ಟರಿಗೆ ಹೇಳಲೇಬೇಕು. ಮನೆಗೆ ಬಂದ ಮೇಲೆ ಒಂದು ಕಾಲು ಊದಿದರೆ, ಏಕಾಏಕಿ ಉಸಿರು ಕಟ್ಟಿದರೆ, ಕ್ಲಿನಿಕ್ಕಿಗೆ ಮೆಸೇಜ್ ಹಾಕಿ ಬ್ಲೂ ಟಿಕ್‌ಗೆ ಕಾಯೋದಲ್ಲ, ಸೀದಾ ಎಮರ್ಜೆನ್ಸಿಗೆ ಹೋಗಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. ಟಮ್ಮಿ ಟಕ್ ಅಲ್ಲ, ಕೊಬ್ಬು ತೆಗೆಸೋ ಸರ್ಜರಿಗೆ ಹೋಗಿದ್ದರು. ವೈದ್ಯರ ನಿರ್ಲಕ್ಷ್ಯವೇ ಕಾರಣ ಅಂತ ಹೆತ್ತವರು ಆರೋಪ ಮಾಡಿದರು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಜನ ಕೇಳೋ ಪ್ರಶ್ನೆ ಒಂದೇ, 'ಅವಳಿಗ್ಯಾಕೆ ಬೇಕಿತ್ತು ಇದೆಲ್ಲ?' ಕೇಳಬೇಕಾದ್ದು ಬೇರೆ. ಅರಿವಳಿಕೆ ಯಾರು ಕೊಟ್ಟರು? ಐಸಿಯು ಇತ್ತಾ? ಏನಾದರೂ ಆದರೆ ಎಲ್ಲಿಗೆ ಒಯ್ಯಬೇಕು ಅಂತ ಮೊದಲೇ ಗೊತ್ತಿತ್ತಾ?

ಅಮೆರಿಕದಲ್ಲಿ ಇಂಥ ಪ್ರಶ್ನೆ ಕೇಳಿದ್ದಕ್ಕೆ ಒಂದು ಕಾನೂನೇ ಬಂತು. ರ‍್ಯಾಪರ್ ಕಾನ್ಯೆ ವೆಸ್ಟ್‌ನ ತಾಯಿ, ಇಂಗ್ಲಿಷ್ ಪ್ರೊಫೆಸರ್ ಆಗಿದ್ದ ಡಾಂಡಾ ವೆಸ್ಟ್, 2007ರ ನವೆಂಬರ್‌ನಲ್ಲಿ ಹೊಟ್ಟೆ ಮತ್ತು ಸ್ತನದ ಸರ್ಜರಿಗಳನ್ನು ಒಟ್ಟಿಗೆ ಮಾಡಿಸಿಕೊಂಡ ಮರುದಿನ ತೀರಿಕೊಂಡರು. ಮರಣೋತ್ತರ ವರದಿಯಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಉಲ್ಲೇಖವಿತ್ತು. 2009ರಲ್ಲಿ ಕ್ಯಾಲಿಫೋರ್ನಿಯಾ ಅವರ ಹೆಸರಿನಲ್ಲೇ ಕಾನೂನು ತಂತು: ಕಾಸ್ಮೆಟಿಕ್ ಸರ್ಜರಿಗೆ ಮುಂಚೆ ದೇಹ ತಪಾಸಣೆ ಮಾಡಿ 'ಫಿಟ್' ಅಂತ ಬರೆದುಕೊಡಲೇಬೇಕು.

ಹಾಗಂತ ಮಾಡಿಸಿಕೊಳ್ಳೋರೆಲ್ಲ ಶೋಕಿಗೆ ಬಿದ್ದವರು ಅನ್ನೋ ವಾದವೂ ನನಗೆ ಒಪ್ಪಿಗೆಯಿಲ್ಲ. 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ' ಅಂತ ಗಾದೆ ಹೇಳಿ ಮುಗಿಸೋದು ಸುಲಭ. ನಲವತ್ತು ಐವತ್ತು ಕೆ.ಜಿ. ಇಳಿಸಿದವರ ಹೊಟ್ಟೆಯಲ್ಲಿ ಚರ್ಮ ಏಪ್ರನ್ ಥರ ನೇತಾಡುತ್ತೆ, ಬೆವರಿಗೆ ಮಡಿಕೆಯಲ್ಲಿ ಹುಣ್ಣಾಗುತ್ತೆ. ಯಾವ ಪ್ಲ್ಯಾಂಕೂ ಅದನ್ನು ಸರಿಮಾಡಲ್ಲ. ಬಾಣಂತನದಲ್ಲಿ ಅಜ್ಜಿ ಎಷ್ಟೇ ಬಿಗಿಯಾಗಿ ಸೊಂಟಕ್ಕೆ ಬಟ್ಟೆ ಸುತ್ತಿದರೂ ಕೆಲವರಿಗೆ ಸ್ನಾಯುವಿನ ಬಿರುಕು ಮುಚ್ಚೋದಿಲ್ಲ. ಫಿಸಿಯೋಥೆರಪಿಯಿಂದ ಹಲವರಿಗೆ ಅನುಕೂಲ ಆಗುತ್ತೆ, ಎಲ್ಲರಿಗೂ ಅಲ್ಲ. ಇಂಥವರು ಸರ್ಜರಿಯಿಂದ ನಿಜಕ್ಕೂ ನೆಮ್ಮದಿ ಕಂಡಿದ್ದಾರೆ. ಮದುವೆ ಮನೆಯಲ್ಲಿ ಹೊಟ್ಟೆ ನೋಡಿ 'ಏನಮ್ಮಾ, ಸಿಹಿ ಸುದ್ದಿನಾ?' ಅಂತ ಕೇಳೋ ನಾವೇ, ಆಮೇಲೆ 'ಇದ್ದ ಹಾಗೆ ಇರಬಾರದಾ' ಅನ್ನೋದು ಯಾವ ನ್ಯಾಯ?

ದುಡ್ಡಿನ ಮಾತು. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದಮೇಲಿನ ದುರಸ್ತಿ ಅಥವಾ ವೈದ್ಯಕೀಯ ಅಗತ್ಯ ಇದ್ದರೆ ಬಿಟ್ಟು, ಕಾಸ್ಮೆಟಿಕ್ ಸರ್ಜರಿಯನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರಗಿಡುತ್ತೆ. ಚಿಕಿತ್ಸೆಗೆ ಸಿಗೋ ಜಿಎಸ್‌ಟಿ ವಿನಾಯಿತಿಯೂ ಬರೀ ಅಂದಕ್ಕೆ ಮಾಡಿಸೋ ಸರ್ಜರಿಗಿಲ್ಲ. ಅಂದರೆ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇಲ್ಲಿ ನಡೆಯಲ್ಲ. ಕ್ಲಿನಿಕ್ ಹೇಳೋ ರೇಟಿನ ಜೊತೆ ಸಂಬಳವಿಲ್ಲದ ರಜೆ, ಪಟ್ಟಿ, ಔಷಧಿ, ಮತ್ತೆ ಸರಿಮಾಡಿಸಬೇಕಾಗಿ ಬಂದರೆ ಅದರ ಖರ್ಚು ಸೇರಿಸಿ ಲೆಕ್ಕ ಹಾಕಿ. ಪಿಜಿಯಲ್ಲೋ ಫ್ಲ್ಯಾಟಿನಲ್ಲೋ ಒಬ್ಬರೇ ಇದ್ದರೆ, ಮೊದಲ ವಾರ ಜೊತೆಗಿರೋದು ಯಾರು ಅನ್ನೋದು ರೇಟಿಗಿಂತ ಮುಖ್ಯ.

ಹೋಗೋದಾದರೆ ಹೋಗಿ. ಹೋಗೋ ಮುಂಚೆ ಕೇಳಿ. ಸರ್ಜನ್ ಓದಿರೋದು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿನಾ, ಅಥವಾ ಹೆಸರಿನ ಮುಂದೆ ಬರೀ 'ಕಾಸ್ಮೆಟಿಕ್ ಎಕ್ಸ್‌ಪರ್ಟ್' ಅಂತ ಇದೆಯಾ? ಕೆಪಿಎಂಇ ಕಾಯ್ದೆಯಡಿ ಆ ಜಾಗ ನೋಂದಣಿ ಆಗಿದೆಯಾ, ಯಾವುದಕ್ಕೆ ಆಗಿದೆ? ಅರಿವಳಿಕೆ ತಜ್ಞರು ಮುಂಚೆಯೇ ನನ್ನನ್ನು ನೋಡ್ತಾರಾ? ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತೋದು ಯಾರು? ತೂಕ ಆರು ತಿಂಗಳಿಂದ ಒಂದೇ ಕಡೆ ನಿಂತಿದೆಯಾ, ಮುಂದೆ ಮಗು ಬೇಕು ಅನ್ನೋ ಯೋಚನೆ ಇದೆಯಾ ಅಂತ ಅವರು ನಿಮ್ಮನ್ನು ಕೇಳಿದರಾ? ಕೇಳದೇ ಡೇಟ್ ಕೊಟ್ಟರೆ ಎದ್ದು ಬನ್ನಿ.

ಕೊನೆಗೆ ಇನ್ನೊಂದು ಕೇಳಿ: ಎರಡು ಫೋಟೋ ನೋಡಿದೆ ಡಾಕ್ಟ್ರೇ, ಹತ್ತನೇ ದಿನದ್ದು ಒಂದು ತೋರಿಸ್ತೀರಾ? ಟ್ಯೂಬು, ಪಟ್ಟಿ, ಊತ, ಗಾಯದ ಗೆರೆ ಎಲ್ಲ ಇರೋದು. ಒಳ್ಳೆ ಸರ್ಜನ್ ಹತ್ತಿರ ಅದು ಇರುತ್ತೆ, ತೋರಿಸೋಕೆ ನಾಚಿಕೊಳ್ಳೋದೂ ಇಲ್ಲ. ಅದನ್ನು ನೋಡಿದ ಮೇಲೂ ಬೇಕು ಅನಿಸಿದರೆ, ಆ ನಿರ್ಧಾರ ನಿಮ್ಮದು.