ಬಾಗಿಲು ಒಂದೇ, ದಾರಿ ಯಾರದು?

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರಕ್ಕೆ ಹೋಗುವ ಹಳೆಯ ರಸ್ತೆ ದೌಲತಾಬಾದ್ ಕೋಟೆಯ ದಿಲ್ಲಿ ದರ್ವಾಜಾದೊಳಗೇ ನುಸುಳುತ್ತದೆ. ಆನೆ ಕುದುರೆಗಳ ಕಾಲದ ಆ ಕಲ್ಲಿನ ಬಾಗಿಲಲ್ಲಿ ಈಗ ಎಸ್‌ಟಿ ಬಸ್ಸು, ಪ್ರವಾಸಿಗರ ಕಾರು, ಹಳ್ಳಿಯವರ ಬೈಕು ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ. ರಜೆಯಲ್ಲಿ, ಘೃಷ್ಣೇಶ್ವರ ದೇಗುಲಕ್ಕೆ ಭಕ್ತರು ಹರಿದುಬರುವ ಶ್ರಾವಣದಲ್ಲಿ ಸಾಲು ಇನ್ನೂ ಉದ್ದ. ಕೋಟೆ ಸಂರಕ್ಷಿತ ಸ್ಮಾರಕ, ಹಾಗಾಗಿ ಬಾಗಿಲನ್ನು ಅಗಲಿಸುವಂತಿಲ್ಲ. ಇಂಥ ಇಕ್ಕಟ್ಟಿಗೆ ಅರ್ಥಶಾಸ್ತ್ರಜ್ಞರು ಹೇಳುವ ಮದ್ದು ಎರಡು: ದಟ್ಟಣೆ ಶುಲ್ಕ, ಇಲ್ಲವೇ ಕೊಂಡು ಮಾರಬಹುದಾದ ಸಂಚಾರ ಕ್ರೆಡಿಟ್. ಇವೆರಡರ ನ್ಯಾಯವನ್ನು ತೂಗಿ ನೋಡಲು ಈ ಬಾಗಿಲಿಗಿಂತ ಒಳ್ಳೆಯ ತಕ್ಕಡಿ ಸಿಗಲಾರದು.

ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಸಾಲಿನಲ್ಲಿ ಬಡವ ಬಲ್ಲಿದರಿಬ್ಬರೂ ಸಮಾನರು, ದರ ಕಟ್ಟಿದರೆ ಹಣವಿದ್ದವನಿಗೇ ದಾರಿ. ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಐವತ್ತು ಜನರಿರುವ ಬಸ್ಸೂ ಇಬ್ಬರಿರುವ ಕಾರೂ ಒಂದರ ಹಿಂದೊಂದು ನಿಂತಾಗ ಸಮಾನವಾಗಿರುವುದು ವಾಹನಗಳು, ಮನುಷ್ಯರಲ್ಲ. ಪುಕ್ಕಟೆ ಎಂದು ಕಾಣುವ ಬಾಗಿಲು ಬಸ್ಸಿನವರಿಂದ ದಿನಗೂಲಿಯ ಹೊತ್ತನ್ನು ವಸೂಲು ಮಾಡುತ್ತಲೇ ಇದೆ, ರಸೀದಿ ಕೊಡುವುದಿಲ್ಲ ಅಷ್ಟೆ. ಹಾಗೆಂದು ಶುಲ್ಕ ತಾನಾಗಿ ನ್ಯಾಯವಾಗುವುದೂ ಇಲ್ಲ. ಲಂಡನ್ 2003ರ ಫೆಬ್ರವರಿ 17ರಂದು ಐದು ಪೌಂಡ್ ಶುಲ್ಕ ಆರಂಭಿಸಿದ ದಿನವೇ ಸುಮಾರು 300 ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿತು. ಬಂದ ಆದಾಯವನ್ನು ಸಾರಿಗೆಗೇ ಖರ್ಚು ಮಾಡಬೇಕೆಂದು ಕಾನೂನು ಕಟ್ಟಿಹಾಕಿತ್ತು. ಸ್ಟಾಕ್‌ಹೋಮ್‌ನಲ್ಲಿ ಹೊಸ ಬಸ್ಸುಗಳು 2005ರ ಆಗಸ್ಟ್‌ನಲ್ಲೇ ಬಂದವು, ಪ್ರಾಯೋಗಿಕ ಶುಲ್ಕ ಶುರುವಾದದ್ದು 2006ರ ಜನವರಿಯಲ್ಲಿ. ಸಂಚಾರ ಸುಮಾರು ಐದನೇ ಒಂದು ಪಾಲು ಇಳಿಯಿತು. ಅದೇ ವರ್ಷದ ಸೆಪ್ಟೆಂಬರಿನ ಜನಮತಗಣನೆಯಲ್ಲಿ ನಗರದ ಬಹುಮತ ಶುಲ್ಕದ ಪರ ನಿಂತಿತು. ಮೊದಲು ಬಸ್ಸು, ಆಮೇಲೆ ಬಿಲ್ಲು ಎಂಬ ಆ ಅನುಕ್ರಮದಲ್ಲೇ ನ್ಯಾಯದ ಹೆಚ್ಚಿನ ಪಾಲಿದೆ.

ಕ್ರೆಡಿಟ್ ಪದ್ಧತಿ ಕೇಳಲು ಇನ್ನೂ ಇಂಪು. ಎಲ್ಲರಿಗೂ ತಿಂಗಳಿಗೆ ಸಮನಾದ ಪಾಲು. ಓಡಾಡಿದವರದು ಕರಗುತ್ತದೆ, ಉಳಿಸಿದವರು ಮಾರಿಕೊಳ್ಳುತ್ತಾರೆ. ಹಣ ಸರ್ಕಾರದ ಬೊಕ್ಕಸಕ್ಕೆ ಹೋಗದೆ ಜನರೊಳಗೇ ಸುತ್ತುತ್ತದೆ. ಆದರೆ ಪಾಲು ಯಾರಿಗೆ? ವಾಹನಕ್ಕೆ ಕೊಟ್ಟರೆ ವಾಹನವಿಲ್ಲದವನಿಗೆ ಸೊನ್ನೆ. ತಲೆಗೆ ಕೊಟ್ಟರೆ, ಸೀತಾಫಲದ ಬುಟ್ಟಿ ಕಟ್ಟಿಕೊಂಡು ದಿನಕ್ಕೆರಡು ಸಲ ಬಾಗಿಲು ದಾಟುವ ಬೈಕಿನವನ ಪಾಲು ತಿಂಗಳ ನಡುವೆಯೇ ಮುಗಿಯುತ್ತದೆ. ಅಗತ್ಯ ಒಂದೇ ಅಲ್ಲದಲ್ಲಿ ಸಮಪಾಲು ಸಮಬಾಳಲ್ಲ. ಮಾರುವ ಸ್ವಾತಂತ್ರ್ಯವಿದೆಯಲ್ಲ ಎನ್ನಬಹುದು. ಸುಗ್ಗಿಯಲ್ಲಿ ಸಾಲಕ್ಕೆ ಹೆದರಿ ಜೋಳ ಅಗ್ಗಕ್ಕೆ ಮಾರಿ ಬೇಸಗೆಯಲ್ಲಿ ದುಬಾರಿಗೆ ಕೊಳ್ಳುವ ರೈತನಿಗೂ ಆ ಸ್ವಾತಂತ್ರ್ಯವಿತ್ತು. ಕೈ ಬರಿದಾದವನು ತಿಂಗಳ ಮೊದಲಲ್ಲೇ ಕ್ರೆಡಿಟ್ ಮಾರಿ, ಜಾತ್ರೆಯ ವಾರದಲ್ಲಿ ಏರಿದ ಬೆಲೆಗೆ ಕೊಳ್ಳಬೇಕಾಗುತ್ತದೆ.

ಉತ್ತರಕ್ಕೆ ಪರದೇಶಕ್ಕೇ ಹೋಗಬೇಕಿಲ್ಲ. ಇದೇ ಜಿಲ್ಲೆಯ ಅಜಂತಾದಲ್ಲಿ ಖಾಸಗಿ ವಾಹನಗಳು ಫರ್ದಾಪುರದ ಕೂಡುರಸ್ತೆಯಲ್ಲೇ ನಿಲ್ಲಬೇಕು. ಗುಹೆಗಳಿಗೆ ಉಳಿದ ಸುಮಾರು ನಾಲ್ಕು ಕಿಲೋಮೀಟರ್ ಎಲ್ಲರಿಗೂ ಎಸ್‌ಟಿ ಬಸ್ಸೇ. ಹವಾನಿಯಂತ್ರಿತ ಬಸ್ಸಿಗೆ ಬೇರೆ ಟಿಕೆಟ್ ಇರಬಹುದು, ದುಡ್ಡು ಕೊಟ್ಟು ಕಾರನ್ನೇ ಒಳಗೆ ಒಯ್ಯುವ ಹಕ್ಕು ಮಾತ್ರ ಮಾರಾಟಕ್ಕಿಲ್ಲ. ದೌಲತಾಬಾದ್ ಊರ ರಸ್ತೆ, ಅಜಂತಾ ಗುಹೆಯ ರಸ್ತೆ, ಹೋಲಿಕೆ ಸಲ್ಲದು ಎನ್ನುವವರ ಮಾತು ಸರಿಯೇ. ಆದ್ದರಿಂದಲೇ ಇಲ್ಲಿ ಪ್ರವಾಸಿಗರ ಕಾರಿಗೆ ರಜಾದಿನದ ಶುಲ್ಕ, ಊರವರಿಗೆ ಪೂರ್ಣ ವಿನಾಯಿತಿ, ಬಸ್ಸಿಗೆ ಮೊದಲ ಸರದಿ, ವಸೂಲಾದ ಹಣದಿಂದ ಇನ್ನಷ್ಟು ಬಸ್ಸು ಎಂಬ ಮಿಶ್ರ ಪಾಕ ಬೇಕು. 1327ರಲ್ಲಿ ತುಘಲಕ್ ದಿಲ್ಲಿಯಿಂದ ರಾಜಧಾನಿಯನ್ನು ಎತ್ತಿ ತಂದದ್ದು ಇದೇ ಊರಿಗೆ. ಆ ಯೋಜನೆಯಲ್ಲೂ ಲೆಕ್ಕಾಚಾರವಿತ್ತು. ದಾರಿಯ ಖರ್ಚನ್ನು ನಡೆದವರು ತೆತ್ತರು. ಬಸ್ಸು ಬರುವ ಮೊದಲು ಬಿಲ್ಲು ಹರಿಯುವ ಯಾವ ಯೋಜನೆಯೂ ಅದೇ ಸಾಲಿಗೆ ಸೇರುತ್ತದೆ.